ಲಿನಕ್ಸ್ ಕಂಪ್ಯೂಟರಿನಲ್ಲಿ ಪಕ್ಕವಾದ್ಯ: ಹಾಡಿಗೆ ಜೊತೆ ನುಡಿಸುವ ತಂತ್ರಾಂಶದ ಒಳಗೇನು ನಡೆಯುತ್ತದೆ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಹಾಕಿಕೊಳ್ಳಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು; ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದು ಅಥವಾ ಅದರ ನಂತರದ್ದು ಇರಬೇಕು. ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ನಿಯಮದಿಂದಾಗಿ ಹೊರಗುಳಿದಿವೆ. ಅಂಥ ಯಂತ್ರಗಳಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಂಡು ಮುಂದುವರಿಯುವ ಆಲೋಚನೆ ಹಲವರಲ್ಲಿದೆ. ಬ್ರೌಸರ್, ಪತ್ರವ್ಯವಹಾರ, ವಿಡಿಯೊ ನೋಡುವುದು ಇವಕ್ಕೆಲ್ಲ ಅಲ್ಲಿ ಕೊರತೆ ಕಾಣುವುದಿಲ್ಲ. ಆದರೆ ಸುಗಮ ಸಂಗೀತ ಕಲಿಸುವವರು, ಭಜನಾ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುವವರು, ಮನೆಯಲ್ಲಿ ಒಬ್ಬರೇ ಗಿಟಾರ್ ಅಥವಾ ಕೊಳಲು ಅಭ್ಯಾಸ ಮಾಡುವವರು ಕೇಳುವುದು ಬೇರೆಯದೇ ಪ್ರಶ್ನೆ: ಡ್ರಮ್, ಬೇಸ್, ಪಿಯಾನೊ ಎಲ್ಲವನ್ನೂ ಹಿನ್ನೆಲೆಯಲ್ಲಿ ನುಡಿಸಿಕೊಡುತ್ತಿದ್ದ ತಂತ್ರಾಂಶಕ್ಕೆ ಇಲ್ಲೇನು ದಾರಿ?

ದಾರಿ ಇದೆ. ವಿಂಡೋಸ್‌ನಲ್ಲಿ ಒಂದೇ ಡಬ್ಬಿಯೊಳಗೆ ಅಡಗಿರುತ್ತಿದ್ದ ಕೆಲಸಗಳು ಲಿನಕ್ಸ್‌ನಲ್ಲಿ ಹಲವೊಮ್ಮೆ ಬಿಡಿಬಿಡಿಯಾಗಿ ಕಣ್ಣೆದುರು ಬರುತ್ತವೆ. ಯಾವ ಕೆಲಸವನ್ನು ಯಾವ ತಂತ್ರಾಂಶ ಮಾಡುತ್ತದೆ ಎಂಬುದು ಗೊತ್ತಿಲ್ಲದೆ ಕೈಹಾಕಿದರೆ ಮೊದಲ ದಿನವೇ ಸದ್ದಿಲ್ಲದ ಕಂಪ್ಯೂಟರಿನ ಮುಂದೆ ಕೂರಬೇಕಾಗುತ್ತದೆ. ಗೊತ್ತಿದ್ದರೆ ಹಳೆಯ ಲ್ಯಾಪ್‌ಟಾಪ್ ಕೂಡ ಸಾಕು.

ಕರೋಕೆಗೂ ಇದಕ್ಕೂ ಏನು ವ್ಯತ್ಯಾಸ?

ಕರೋಕೆ ಟ್ರ್ಯಾಕ್ ಎಂದರೆ ಹಾಡುಗಾರರ ದನಿ ಬಿಟ್ಟು ಉಳಿದುದನ್ನು ಧ್ವನಿಮುದ್ರಿಸಿ ಇಟ್ಟ ಫೈಲು. ಅದರ ಶ್ರುತಿ, ವೇಗ, ಎಷ್ಟು ಸಲ ಪಲ್ಲವಿ ಬರಬೇಕು ಎಂಬುದೆಲ್ಲ ಮೊದಲೇ ನಿಗದಿಯಾಗಿರುತ್ತದೆ. ಶ್ರುತಿಯನ್ನು ತುಸು ಏರಿಳಿಸಬಹುದು. ಹೆಚ್ಚು ಎಳೆದರೆ ವಾದ್ಯಗಳ ನಾದವೇ ಕೆಡುತ್ತದೆ.

ಇನ್ನೊಂದು ಬಗೆಯ ಜೊತೆಗಾರ ನಮಗೆ ಹಳೆಯ ಪರಿಚಯ: ಎಲೆಕ್ಟ್ರಾನಿಕ್ ತಂಬೂರಿ ಮತ್ತು ತಾಳದ ಪೆಟ್ಟಿಗೆ. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು ಕಟ್ಟಿದ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ದೇಶದ ಎಷ್ಟೋ ಸಂಗೀತಗಾರರ ಮನೆಗಳಲ್ಲಿವೆ. ಅಲ್ಲಿ ಶ್ರುತಿಯನ್ನೂ ವೇಗವನ್ನೂ ಬೇಕಾದಂತೆ ಹೊಂದಿಸಬಹುದು, ಆದರೆ ಹಾಡು ಮುಂದೆ ಸಾಗಿದಂತೆ ಪಕ್ಕದ ವಾದ್ಯದ ಸ್ವರಗಳು ಬದಲಾಗುವುದಿಲ್ಲ. ರಾಗ ಸಂಗೀತಕ್ಕೆ ಬೇಕಾದದ್ದೂ ಅದೇ ಅಚಲ ಆಧಾರ.

ಈ ಲೇಖನದ ವಿಷಯವಾದ ಪಕ್ಕವಾದ್ಯ ತಂತ್ರಾಂಶ ಇವೆರಡರ ನಡುವೆ ನಿಲ್ಲುತ್ತದೆ. ಹಾಡಿನ ಕಾರ್ಡ್‌ಗಳ ಸಾಲು, ವೇಗ ಮತ್ತು ಶೈಲಿ ಈ ಮೂರನ್ನು ನಾವು ಕೊಡುತ್ತೇವೆ. ಬೇಸ್ ಯಾವ ಸ್ವರ ಹಿಡಿಯಬೇಕು, ಡ್ರಮ್ ಎಲ್ಲಿ ಬೀಳಬೇಕು, ಪಿಯಾನೊ ಹೇಗೆ ನಡೆಯಬೇಕು ಎಂಬುದನ್ನು ತಂತ್ರಾಂಶ ಲೆಕ್ಕಹಾಕಿ ನುಡಿಸುತ್ತದೆ. ಕೆನಡಾದ ಪೀಟರ್ ಗ್ಯಾನನ್ ಅವರ ಪಿಜಿ ಮ್ಯೂಸಿಕ್ ಕಂಪನಿ 1990ರಲ್ಲಿ ಹೊರತಂದ ಬ್ಯಾಂಡ್-ಇನ್-ಎ-ಬಾಕ್ಸ್ ಈ ಬಗೆಯ ತಂತ್ರಾಂಶವನ್ನು ಜನಪ್ರಿಯಗೊಳಿಸಿತು. ಅದು ಇಂದಿಗೂ ವಿಂಡೋಸ್ ಮತ್ತು ಮ್ಯಾಕ್‌ಗಳಿಗಷ್ಟೇ ಸಿಗುತ್ತದೆ.

ಕಾರ್ಡ್ ಎಂದರೇನು, ಸ್ವರದಲ್ಲಿ ಹೇಳುವುದಾದರೆ

ಸ, ಗ, ಪ ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಹುಟ್ಟುವುದೇ ಒಂದು ಕಾರ್ಡ್. ಗಾಂಧಾರ ಅಂತರ ಗಾಂಧಾರವಾದರೆ, ಅಂದರೆ ಶಂಕರಾಭರಣದ್ದಾದರೆ, ಅದು ಮೇಜರ್. ಸಾಧಾರಣ ಗಾಂಧಾರವಾದರೆ ಮೈನರ್. ಕೀಬೋರ್ಡಿನ ಬಿಳಿ ಒಂದನ್ನು ಷಡ್ಜವಾಗಿ ಇಟ್ಟುಕೊಂಡರೆ ಸ-ಗ-ಪ ಎಂಬುದು ಸಿ ಮೇಜರ್. ಅದೇ ಶ್ರುತಿಯಲ್ಲಿ ಧ-ಸ-ಗ ಎಂಬುದು ಎ ಮೈನರ್. ಪ-ನಿ-ರಿ-ಮ ಸೇರಿದರೆ ಜಿ ಸೆವೆಂತ್. ಕೇಳಿದ ಕೂಡಲೇ ಮನಸ್ಸು ಮತ್ತೆ ಷಡ್ಜಕ್ಕೆ ಮರಳಲು ಕಾಯುವಂಥ ಕಾರ್ಡ್ ಅದು.

ಹಾಡಿನ ಸಾಲಿನ ಯಾವ ಅಕ್ಷರದ ಮೇಲೆ ಯಾವ ಕಾರ್ಡ್ ಬರುತ್ತದೆ ಎಂದು ಬರೆದಿಟ್ಟ ಹಾಳೆಯನ್ನು ಆರ್ಕೆಸ್ಟ್ರಾ ಕಲಾವಿದರು ಕೈಯಲ್ಲಿ ಹಿಡಿದು ಬರುವುದನ್ನು ನೋಡಿರುತ್ತೀರಿ. ಪಕ್ಕವಾದ್ಯ ತಂತ್ರಾಂಶ ನಮ್ಮಿಂದ ಕೇಳುವುದು ಆ ಹಾಳೆಯನ್ನೇ. ಮಟ್ಟು ಅದಕ್ಕೆ ಬೇಕಾಗಿಲ್ಲ. ಮಟ್ಟನ್ನು ಹಾಡುವುದು ನಮ್ಮ ಕೆಲಸ.

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಕಾರ್ಡ್‌ಗಳ ಮೇಲೆ ನಡೆಯುವ ಈ ತಂತ್ರಾಂಶ ಸುಗಮ ಸಂಗೀತಕ್ಕೆ, ಚಿತ್ರಗೀತೆಗೆ, ಭಜನೆಗೆ, ಪಾಶ್ಚಾತ್ಯ ಸಂಗೀತಕ್ಕೆ ಹೊಂದುತ್ತದೆ. ಆಲಾಪನೆಗೆ ಹೊಂದುವುದಿಲ್ಲ. ಕೀಬೋರ್ಡಿನ ಹನ್ನೆರಡು ಸ್ಥಾನಗಳನ್ನು ಸಮಾನ ಅಂತರದಲ್ಲಿ ಹಂಚಲಾಗಿದೆ. ಒಂದು ಸ್ಥಾನದಿಂದ ಮುಂದಿನದಕ್ಕೆ ಇರುವ ದೂರವನ್ನು 100 ಸೆಂಟ್ ಎಂದು ಅಳೆಯುತ್ತಾರೆ. ತಂಬೂರಿಯ ನಾದದೊಳಗೆ ತಾನಾಗಿ ಕೇಳಿಸುವ ಅಂತರ ಗಾಂಧಾರಕ್ಕಿಂತ ಕೀಬೋರ್ಡಿನ ಗಾಂಧಾರ ಸುಮಾರು 14 ಸೆಂಟ್ ಮೇಲಿರುತ್ತದೆ. ಪಂಚಮದಲ್ಲಿ ವ್ಯತ್ಯಾಸ ಸುಮಾರು 2 ಸೆಂಟ್ ಮಾತ್ರ, ಕಿವಿಗೆ ತಿಳಿಯದಷ್ಟು. ತಂಬೂರಿಯ ಜೊತೆ ಕಾರ್ಡ್ ನುಡಿಸಿದಾಗ ಏನೋ ಒಗ್ಗುತ್ತಿಲ್ಲ ಎಂದು ಅನಿಸುವುದು ಬಹುಮಟ್ಟಿಗೆ ಈ ಗಾಂಧಾರದಿಂದ. ಗಮಕಗಳ ಮಾತಂತೂ ಬೇರೆಯೇ.

ಶೈಲಿಯೊಳಗೆ ಏನಿರುತ್ತದೆ?

ಯಮಹಾ ಅಥವಾ ಅಂಥ ಕೀಬೋರ್ಡ್‌ಗಳಲ್ಲಿ ಸ್ಟೈಲ್ ಗುಂಡಿ ಒತ್ತಿ ಎಡಗೈಯಲ್ಲಿ ಕಾರ್ಡ್ ಹಿಡಿದವರಿಗೆ ಇದರ ಅರ್ಧ ಈಗಾಗಲೇ ಗೊತ್ತು. ಶೈಲಿ ಎಂದರೆ ಒಂದೆರಡು ಅಥವಾ ನಾಲ್ಕು ಬಾರ್‌ಗಳಷ್ಟು ಉದ್ದದ ಚಿಕ್ಕ ವಿನ್ಯಾಸಗಳ ಕಟ್ಟು. ಬಾರ್ ಎಂದರೆ ತಾಳದ ಎಣಿಕೆಗಳ ಒಂದು ಗುಂಪು, ಸಾಮಾನ್ಯವಾಗಿ ನಾಲ್ಕು ಎಣಿಕೆ. ಡ್ರಮ್‌ಗೆ ಒಂದು ವಿನ್ಯಾಸ, ಬೇಸ್‌ಗೆ ಒಂದು, ಗಿಟಾರ್‌ಗೆ ಒಂದು. ಆರಂಭಕ್ಕೆ, ಪಲ್ಲವಿಗೆ, ಚರಣಕ್ಕೆ, ನಡುವಿನ ತಿರುವಿಗೆ, ಮುಕ್ತಾಯಕ್ಕೆ ಬೇರೆ ಬೇರೆ. ಇವನ್ನು ಯಾವುದಾದರೂ ಒಂದೇ ಕಾರ್ಡಿಗೆ ಬರೆದಿರುತ್ತಾರೆ. ಹಾಡಿನಲ್ಲಿ ಕಾರ್ಡ್ ಬದಲಾದಾಗ ತಂತ್ರಾಂಶ ಆ ವಿನ್ಯಾಸವನ್ನು ಹೊಸ ಕಾರ್ಡಿಗೆ ಒಗ್ಗಿಸುತ್ತದೆ.

ಒಗ್ಗಿಸುವುದರಲ್ಲೇ ಜಾಣತನವಿದೆ. ಸ-ಗ-ಪ ನುಡಿಸುತ್ತಿದ್ದ ಪಿಯಾನೊವನ್ನು ಎ ಮೈನರ್‌ಗೆ ಸಾಗಿಸಬೇಕೆಂದರೆ ಮೂರೂ ಬೆರಳನ್ನು ಎತ್ತಿ ಧ-ಸ-ಗ ಎಂದು ಮೇಲಕ್ಕೆ ಹಾರಿಸಬಹುದು. ಕಿವಿಗೆ ಅದು ಕುಪ್ಪಳಿಸಿದಂತೆ ಕೇಳುತ್ತದೆ. ಅನುಭವಿ ವಾದಕ ಸ ಮತ್ತು ಗ ಹಾಗೇ ಹಿಡಿದುಕೊಂಡು ಪ ಒಂದನ್ನೇ ಧ ಮಾಡುತ್ತಾನೆ. ಕಾರ್ಡ್ ಬದಲಾಗಿದೆ, ಕೈ ಅಲುಗಿದ್ದು ಒಂದೇ ಬೆರಳಿನಷ್ಟು. ಒಳ್ಳೆಯ ಪಕ್ಕವಾದ್ಯ ತಂತ್ರಾಂಶ ಹೀಗೆ ಹತ್ತಿರದ ಸ್ವರವನ್ನು ಹುಡುಕುತ್ತದೆ. ಬೇಸ್ ಮಾತ್ರ ಸಾಮಾನ್ಯವಾಗಿ ಹೊಸ ಕಾರ್ಡಿನ ಮೂಲ ಸ್ವರಕ್ಕೆ ಬಂದು ನಿಲ್ಲುತ್ತದೆ.

ಯಂತ್ರದ ಹಾಗೆ ಕೇಳಿಸಬಾರದೆಂದು ಇನ್ನೊಂದು ಉಪಾಯವೂ ಇದೆ. ಪ್ರತಿ ಪೆಟ್ಟನ್ನೂ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುವುದು, ಪ್ರತಿ ಸ್ವರದ ಜೋರನ್ನು ತುಸು ಏರಿಳಿಸುವುದು. ಎಷ್ಟು ಏರಿಳಿಸಬೇಕೆಂದು ನಾವೇ ಹೇಳಬಹುದು. ಇದು ಅತಿಯಾದರೆ ಲಯ ಕೆಟ್ಟಂತೆ ಕೇಳುತ್ತದೆ, ಸ್ವಲ್ಪವೇ ಇದ್ದರೆ ಸಾಕು.

ಪ್ಲೇ ಒತ್ತಿದರೂ ಸದ್ದೇ ಇಲ್ಲ, ಏಕೆ?

ಲಿನಕ್ಸ್‌ಗೆ ಬಂದ ಸಂಗೀತಗಾರರು ಮೊದಲು ಎದುರಿಸುವ ಗೊಂದಲ ಇದೇ. ಅದನ್ನು ಬಿಡಿಸಲು ಮಿಡಿ ಏನೆಂದು ತಿಳಿಯಬೇಕು.

1983ರಲ್ಲಿ ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುಟಾರೊ ಕಾಕೆಹಾಶಿ ಅವರ ಮುಂದಾಳತ್ವದಲ್ಲಿ ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳು ಪರಸ್ಪರ ಮಾತಾಡಿಕೊಳ್ಳಲು ಒಂದು ಸಾಮಾನ್ಯ ನಿಯಮ ಬಂದಿತು. ಅದೇ ಮಿಡಿ. ಮಿಡಿ ಫೈಲಿನೊಳಗೆ ಧ್ವನಿ ಇರುವುದಿಲ್ಲ. 'ಎರಡನೇ ಚಾನೆಲಿನಲ್ಲಿ 60ನೇ ಸ್ವರವನ್ನು 90ರಷ್ಟು ಜೋರಾಗಿ ಒತ್ತು, ಇಷ್ಟು ಹೊತ್ತಿನ ನಂತರ ಬಿಡು' ಎಂಬಂಥ ಸೂಚನೆಗಳಷ್ಟೇ ಇರುತ್ತವೆ. ಹಾಗಾಗಿಯೇ ಇಡೀ ಹಾಡಿನ ಮಿಡಿ ಫೈಲು ಕೆಲವು ಹತ್ತು ಕಿಲೊಬೈಟ್‌ಗಳಲ್ಲಿ ಮುಗಿಯುತ್ತದೆ, ಸಿ.ಡಿ. ಗುಣಮಟ್ಟದ ಧ್ವನಿಮುದ್ರಣವಾದರೆ ಒಂದು ನಿಮಿಷಕ್ಕೇ ಸುಮಾರು 10 ಮೆಗಾಬೈಟ್ ಬೇಕು.

ಸೂಚನೆಯನ್ನು ನಾದವಾಗಿಸುವವರು ಬೇರೆ ಬೇಕು. ಆ ಕೆಲಸದ ತಂತ್ರಾಂಶಕ್ಕೆ ಸಿಂಥಸೈಜರ್, ಚಿಕ್ಕದಾಗಿ ಸಿಂತ್ ಎನ್ನುತ್ತಾರೆ. ವಿಂಡೋಸ್ ತನ್ನೊಳಗೇ ಒಂದು ಸಾಧಾರಣ ಸಿಂತನ್ನು ಇಟ್ಟುಕೊಂಡು ಬರುತ್ತದೆ. ಮಿಡಿ ಫೈಲನ್ನು ತೆರೆದರೆ ಅದು ನಮಗೆ ಹೇಳದೆಯೇ ಕೆಲಸಕ್ಕಿಳಿಯುತ್ತದೆ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಅದು ಮೊದಲೇ ಅಳವಡಿಸಿರುವುದಿಲ್ಲ. ತಂತ್ರಾಂಶ ಸೂಚನೆಗಳನ್ನು ಸರಿಯಾಗಿಯೇ ಕಳಿಸುತ್ತಿರುತ್ತದೆ, ಕೇಳಿಸಿಕೊಂಡು ನುಡಿಸುವವರು ಯಾರೂ ಇರುವುದಿಲ್ಲ.

ಇದಕ್ಕೆ ಲಿನಕ್ಸ್ ಬಳಕೆದಾರರು ಹೆಚ್ಚಾಗಿ ಹಾಕಿಕೊಳ್ಳುವುದು ಫ್ಲುಯಿಡ್‌ಸಿಂತ್. ಅದಕ್ಕೆ ಗುಂಡಿ, ಕಿಟಕಿಗಳ ಮುಖ ಕೊಡುವ ಜೊತೆಗಾರ ತಂತ್ರಾಂಶ ಕ್ಯೂಸಿಂತ್. ಇವೆರಡರ ಜೊತೆ ಸೌಂಡ್‌ಫಾಂಟ್ ಎಂಬ ಫೈಲೂ ಬೇಕು: ನಿಜವಾದ ವಾದ್ಯಗಳ ಒಂದೊಂದು ಸ್ವರವನ್ನು ಧ್ವನಿಮುದ್ರಿಸಿ ಜೋಡಿಸಿದ ಭಂಡಾರ ಅದು. ಸುಮಾರು 140 ಮೆಗಾಬೈಟ್‌ನ ಫ್ಲುಯಿಡ್ ಆರ್3 ಎಂಬುದು ಹೆಚ್ಚಿನ ಲಿನಕ್ಸ್‌ಗಳ ತಂತ್ರಾಂಶ ಸಂಗ್ರಹದಲ್ಲೇ ಉಚಿತವಾಗಿ ಸಿಗುತ್ತದೆ. ಕ್ರಿಸ್ಟಿಯನ್ ಕಾಲಿನ್ಸ್ ಅವರ ಜನರಲ್‌ಯೂಸರ್ ಜಿಎಸ್ ಗಾತ್ರದಲ್ಲಿ ಚಿಕ್ಕದು, ನಾದ ಅಚ್ಚುಕಟ್ಟು. ಹಳೆಯ ಯಂತ್ರಕ್ಕೆ ನಾನು ಮೊದಲು ಸೂಚಿಸುವುದು ಅದನ್ನೇ. ಸೌಂಡ್‌ಫಾಂಟ್ ಬದಲಿಸಿದರೆ ಅದೇ ಹಾಡು, ಅದೇ ಶೈಲಿ ಪೂರಾ ಬೇರೆ ತಂಡದವರು ನುಡಿಸಿದಂತೆ ಕೇಳುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಈ ಇಡೀ ವ್ಯವಸ್ಥೆಯಲ್ಲಿ ಇನ್ನೆಲ್ಲೂ ಇಲ್ಲ.

ಸಿಂತ್‌ನಿಂದ ಸ್ಪೀಕರಿನವರೆಗೆ

ಮೂರನೆಯ ಕೆಲಸ ಸಾಗಣೆ. ಕಂಪ್ಯೂಟರಿನ ಧ್ವನಿ ಸಾಧನದ ಜೊತೆ ನೇರವಾಗಿ ವ್ಯವಹರಿಸುವುದು ಲಿನಕ್ಸ್‌ನ ತಿರುಳಾದ ಕರ್ನೆಲಿನೊಳಗಿರುವ ಅಲ್ಸಾ ಎಂಬ ಭಾಗ. ಅದರ ಮೇಲೆ ಹಲವು ತಂತ್ರಾಂಶಗಳ ಧ್ವನಿಯನ್ನು ಒಟ್ಟುಗೂಡಿಸಿ ಹಂಚುವ ಒಂದು ಸರ್ವರ್ ಇರುತ್ತದೆ. ಬಹಳ ಕಾಲ ಸಾಮಾನ್ಯ ಬಳಕೆಗೆ ಪಲ್ಸ್‌ಆಡಿಯೊ, ಸಂಗೀತಗಾರರಿಗೆ ಪಾಲ್ ಡೇವಿಸ್ ರೂಪಿಸಿದ ಜ್ಯಾಕ್ ಎಂದು ಎರಡು ಲೋಕಗಳಿದ್ದವು. ಜ್ಯಾಕ್ ಆರಂಭಿಸಿದರೆ ಬ್ರೌಸರಿನ ಸದ್ದು ನಿಲ್ಲುವುದು, ಬ್ರೌಸರ್ ತೆರೆದಿದ್ದರೆ ಜ್ಯಾಕ್ ಆರಂಭವಾಗದಿರುವುದು ಇವೆಲ್ಲ ಆಗ ದಿನನಿತ್ಯದ ತಾಪತ್ರಯ. ಲಿನಕ್ಸ್‌ನಲ್ಲಿ ಸಂಗೀತ ಕಷ್ಟ ಎಂಬ ಹೆಸರು ಬಂದದ್ದು ಬಹುಮಟ್ಟಿಗೆ ಆ ಕಾಲದಲ್ಲಿ.

ಈಗ ಚಿತ್ರ ಬದಲಾಗಿದೆ. ವಿಮ್ ಟೇಮನ್ಸ್ ಅವರು ಆರಂಭಿಸಿದ ಪೈಪ್‌ವೈರ್ ಎರಡೂ ಕೆಲಸವನ್ನು ಒಂದೇ ಕಡೆ ಮಾಡುತ್ತದೆ. 2021ರಲ್ಲಿ ಲಿನಕ್ಸ್‌ನ ಹಲವು ರೂಪಗಳಲ್ಲೊಂದಾದ ಫೆಡೋರಾ 34 ಅದನ್ನು ಧ್ವನಿಗೆ ಮೂಲ ವ್ಯವಸ್ಥೆಯಾಗಿ ಸ್ವೀಕರಿಸಿತು. ಮರುವರ್ಷ ಇನ್ನೊಂದು ರೂಪವಾದ ಉಬುಂಟು 22.10 ಅದೇ ದಾರಿ ಹಿಡಿಯಿತು, ಪೈಪ್‌ವೈರ್‌ನ 1.0 ಆವೃತ್ತಿ 2023ರ ನವೆಂಬರಿನಲ್ಲಿ ಬಂದಿತು. ಹೊಸದಾಗಿ ಲಿನಕ್ಸ್ ಹಾಕಿಕೊಳ್ಳುವವರಿಗೆ ಬಹುತೇಕ ಇದೇ ಸಿಗುತ್ತದೆ. ಜ್ಯಾಕ್‌ಗೆಂದು ಬರೆದ ತಂತ್ರಾಂಶಗಳೂ ಇದರ ಮೇಲೆ ನಡೆಯುತ್ತವೆ.

ಸದ್ದು ಬಾರದಿದ್ದಾಗ ಹುಡುಕಬೇಕಾದ ಕ್ರಮವೂ ಈ ಮೂರು ಕೆಲಸಗಳನ್ನೇ ಅನುಸರಿಸುತ್ತದೆ. ಮೊದಲು ಬ್ರೌಸರಿನಲ್ಲಿ ಯಾವುದಾದರೂ ವಿಡಿಯೊ ಹಾಕಿ. ಕೇಳಿಸಿದರೆ ಸಾಗಣೆ ಸರಿಯಿದೆ. ಅನಂತರ ಕ್ಯೂಸಿಂತ್ ತೆರೆದಿಟ್ಟು ಹಾಡು ಆರಂಭಿಸಿ, ಅದರ ಪುಟ್ಟ ದೀಪವನ್ನು ನೋಡಿ. ದೀಪ ಮಿನುಗಿಯೂ ಸದ್ದಿಲ್ಲವಾದರೆ ಸೌಂಡ್‌ಫಾಂಟ್ ಹಾಕಿಲ್ಲ, ಇಲ್ಲವೇ ಧ್ವನಿ ಯಾವ ದಾರಿಯಲ್ಲಿ ಹೋಗಬೇಕೆಂಬ ಆಯ್ಕೆ ತಪ್ಪಿದೆ. ದೀಪ ಮಿನುಗದಿದ್ದರೆ ಸೂಚನೆಗಳು ಸಿಂತನ್ನು ಮುಟ್ಟುತ್ತಿಲ್ಲ. ಆಗ ಕ್ಯೂಪಿಡಬ್ಲ್ಯೂಗ್ರಾಫ್ ಎಂಬ ತಂತ್ರಾಂಶ ತೆರೆಯಿರಿ. ಅದರಲ್ಲಿ ಓಡುತ್ತಿರುವ ಪ್ರತಿಯೊಂದು ತಂತ್ರಾಂಶವೂ ಒಂದೊಂದು ಚೌಕವಾಗಿ ಕಾಣುತ್ತದೆ. ಪಕ್ಕವಾದ್ಯ ತಂತ್ರಾಂಶದ ಮಿಡಿ ತುದಿಯಿಂದ ಸಿಂತ್‌ನ ಮಿಡಿ ತುದಿಗೆ ಮೌಸ್‌ನಿಂದ ಗೆರೆ ಎಳೆದರೆ ಸಂಪರ್ಕವಾಯಿತು.

ಯಾವ ತಂತ್ರಾಂಶ?

ಹೊಸಬರು ಜೆಜ್ಯಾಝ್‌ಲ್ಯಾಬ್‌ನಿಂದ ಆರಂಭಿಸುವುದು ಒಳ್ಳೆಯದು. ಇದು ಉಚಿತ, ಮುಕ್ತ ತಂತ್ರಾಂಶ; ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಚೌಕಗಳ ಹಾಳೆಯಲ್ಲಿ ಕಾರ್ಡ್‌ಗಳನ್ನು ತುಂಬುತ್ತೇವೆ. ಇನ್ನೊಂದು ಕಿಟಕಿಯಲ್ಲಿ ಪಲ್ಲವಿ, ಚರಣ, ಮತ್ತೆ ಪಲ್ಲವಿ ಎಂದು ಹಾಡಿನ ನಡೆಯನ್ನು ಜೋಡಿಸುತ್ತೇವೆ. ಒಂದೊಂದು ಭಾಗದ ವಿನ್ಯಾಸ, ತೀವ್ರತೆಗಳನ್ನು ಪ್ರತ್ಯೇಕವಾಗಿ ಬದಲಿಸಬಹುದು: ಮೊದಲ ಚರಣ ಮೆತ್ತಗೆ, ಕೊನೆಯ ಪಲ್ಲವಿ ತುಂಬು ಅಬ್ಬರದಲ್ಲಿ. ಯಮಹಾ ಕೀಬೋರ್ಡ್‌ಗಳ ಸ್ಟೈಲ್ ಫೈಲುಗಳನ್ನು ಇದು ಓದಬಲ್ಲದು ಎಂಬುದು ನಮ್ಮ ಕೀಬೋರ್ಡ್ ವಾದಕರಿಗೆ ಮುಖ್ಯವಾದ ಸಂಗತಿ. ಈಗಾಗಲೇ ಕೈಯಲ್ಲಿರುವ ಸಂಗ್ರಹ ವ್ಯರ್ಥವಾಗುವುದಿಲ್ಲ. ಇತ್ತೀಚಿನ ಆವೃತ್ತಿಗಳು ಫ್ಲುಯಿಡ್‌ಸಿಂತನ್ನು ತಮ್ಮೊಳಗೇ ಇಟ್ಟುಕೊಂಡಿರುವುದರಿಂದ ಮೇಲೆ ಹೇಳಿದ ಜೋಡಣೆಯ ತೊಡಕೂ ಹೆಚ್ಚು ಕಾಡುವುದಿಲ್ಲ.

ಎರಡನೆಯದು ಎಂಎಂಎ, ಪೂರ್ಣ ಹೆಸರು ಮ್ಯೂಸಿಕಲ್ ಮಿಡಿ ಅಕಂಪನಿಮೆಂಟ್. ಬಾಬ್ ವ್ಯಾನ್ ಡೆರ್ ಪೂಲ್ ಅವರು ಪೈಥಾನ್ ಭಾಷೆಯಲ್ಲಿ ಬರೆದದ್ದು. ಇದಕ್ಕೆ ಕಿಟಕಿ ಇಲ್ಲ, ಗುಂಡಿ ಇಲ್ಲ. ಒಂದು ಸಾದಾ ಪಠ್ಯದ ಫೈಲಿನಲ್ಲಿ ಮೊದಲ ಸಾಲಿಗೆ ಟೆಂಪೊ 90, ಎರಡನೆಯದಕ್ಕೆ ಗ್ರೂವ್ ಮತ್ತು ಶೈಲಿಯ ಹೆಸರು, ಅನಂತರ ಸಾಲಿಗೊಂದು ಬಾರ್‌ನಂತೆ ಸಿ, ಎ ಮೈನರ್, ಡಿ ಮೈನರ್, ಜಿ ಸೆವೆಂತ್ ಎಂದು ಕಾರ್ಡ್‌ಗಳನ್ನು ಬರೆಯುತ್ತೇವೆ (ಫೈಲಿನಲ್ಲಿ ಇವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು). ಆ ಫೈಲನ್ನು ಎಂಎಂಎಗೆ ಕೊಟ್ಟರೆ ಕ್ಷಣಾರ್ಧದಲ್ಲಿ ಡ್ರಮ್, ಬೇಸ್, ಪಿಯಾನೊ ತುಂಬಿದ ಮಿಡಿ ಫೈಲು ಬರುತ್ತದೆ. ಮೊದಲ ನೋಟಕ್ಕೆ ಒರಟು ಎನಿಸಬಹುದು. ಆದರೆ ಒಂದು ಹಾಡು ಒಂದು ಪುಟ ಪಠ್ಯವಾಗಿ ಉಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು, ಮುದ್ರಿಸಬಹುದು, ಎಷ್ಟು ವರ್ಷ ಕಳೆದರೂ ತೆರೆದು ಓದಬಹುದು. ಬರೆಯಲು ಬೇಸರವಿಲ್ಲದವರಿಗೆ ಇದರಷ್ಟು ಹಿಡಿತ ಕೊಡುವ ಉಚಿತ ಸಾಧನ ಕಷ್ಟ.

ಜಾಝ್ ಕಲಿಯುವವರಿಗೆ ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜಿನ ರಾಬರ್ಟ್ ಕೆಲ್ಲರ್ ಅವರ ಮುಂದಾಳತ್ವದಲ್ಲಿ ಬೆಳೆದ ಇಂಪ್ರೊ-ವೈಸರ್ ಇದೆ. ಅದರ ಮುಖ್ಯ ಗುರಿ ಮನೋಧರ್ಮದಲ್ಲಿ ನುಡಿಸುವುದನ್ನು ಕಲಿಸುವುದು.

ಹಣ ಕೊಟ್ಟು ಬ್ಯಾಂಡ್-ಇನ್-ಎ-ಬಾಕ್ಸ್ ಕೊಂಡವರು ಅದನ್ನು ಲಿನಕ್ಸ್‌ಗೆ ತರಬಹುದೇ? ವೈನ್ ಎಂಬ ತಂತ್ರಾಂಶ ವಿಂಡೋಸ್ ತಂತ್ರಾಂಶಗಳ ಕೋರಿಕೆಗಳನ್ನು ಲಿನಕ್ಸ್‌ಗೆ ತಿಳಿಯುವ ಕೋರಿಕೆಗಳಾಗಿ ಬದಲಿಸಿ ಓಡಿಸುತ್ತದೆ. ಮಿಡಿ ಶೈಲಿಗಳಿಂದಷ್ಟೇ ನಡೆಯುವ ಹಳೆಯ ಆವೃತ್ತಿಯಾದರೆ ಪ್ರಯತ್ನಿಸಿ ನೋಡಬಹುದು. ನಿಜವಾದ ವಾದಕರ ಧ್ವನಿಮುದ್ರಣಗಳನ್ನು ಬಳಸುವ ರಿಯಲ್‌ಟ್ರ್ಯಾಕ್ಸ್, ಪ್ಲಗಿನ್‌ಗಳು, ಪರವಾನಗಿ ಪರೀಕ್ಷೆ ಇವೆಲ್ಲ ಸೇರಿದಂತೆ ತೊಡಕು ಹೆಚ್ಚುತ್ತದೆ. ಕಂಪನಿ ಲಿನಕ್ಸ್‌ಗೆಂದು ಅದನ್ನು ರೂಪಿಸಿಲ್ಲ. ಇಂದು ಓಡಿದ್ದು ಮುಂದಿನ ನವೀಕರಣದ ನಂತರವೂ ಓಡುತ್ತದೆ ಎಂಬ ಭರವಸೆ ಇರುವುದಿಲ್ಲ. ಕಾರ್ಯಕ್ರಮದ ವೇದಿಕೆಗೆ ಈ ದಾರಿ ನೆಚ್ಚಬೇಡಿ.

ನಮ್ಮ ತಾಳ, ನಮ್ಮ ಶ್ರುತಿ

ಶ್ರುತಿ ಹೊಂದಿಸುವುದು ಸುಲಭ. ಸೂಚನೆಗಳಷ್ಟೇ ಇರುವುದರಿಂದ ಎಷ್ಟು ಸ್ಥಾನ ಏರಿಸಿದರೂ ಇಳಿಸಿದರೂ ಕರೋಕೆಯಲ್ಲಿ ಆಗುವಂತೆ ನಾದ ಹರಿದುಹೋಗುವುದಿಲ್ಲ. ಬಿಳಿ ಒಂದರಲ್ಲಿ ಬರೆದ ಹಾಡನ್ನು ಕಪ್ಪು ಒಂದಕ್ಕೆ ಒಯ್ಯಬೇಕಾದರೆ ಒಂದು ಸ್ಥಾನ, ಬಿಳಿ ಎರಡಕ್ಕಾದರೆ ಎರಡು ಸ್ಥಾನ ಮೇಲೆ. ಹೆಣ್ಣುದನಿಗೆ, ಗಂಡುದನಿಗೆ, ಮಕ್ಕಳ ವೃಂದಗಾನಕ್ಕೆ ಒಂದೇ ಫೈಲು ಸಾಕಾಗುತ್ತದೆ.

ತಾಳಕ್ಕೆ ತುಸು ಕೆಲಸವಿದೆ. ಆದಿತಾಳದ ಎಂಟು ಎಣಿಕೆ ನಾಲ್ಕರ ಎರಡು ಬಾರ್‌ಗಳಲ್ಲಿ ಕೂರುತ್ತದೆ. ಕೆಹರ್ವ ಕೂಡ ಹಾಗೆಯೇ. ದಾದ್ರಾದ ಆರಕ್ಕೆ ಮೂರೆಣಿಕೆಯ ವಾಲ್ಟ್ಸ್ ಅಥವಾ ಆರು-ಎಂಟರ (6/8) ಶೈಲಿಗಳು ಸರಿಹೋಗುತ್ತವೆ, ಒತ್ತು ಬೀಳುವ ಜಾಗ ಮಾತ್ರ ಕಿವಿಗೊಟ್ಟು ನೋಡಿಕೊಳ್ಳಬೇಕು. ಖಂಡ ಛಾಪುವಿನ ಐದು, ಮಿಶ್ರ ಛಾಪುವಿನ ಏಳು ಬಂದಾಗ ಸಿದ್ಧ ಶೈಲಿಗಳು ಕೈಕೊಡುತ್ತವೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವನ್ನು ನಾಲ್ಕು ಅಥವಾ ಮೂರರ ಎಣಿಕೆಗೇ ಬರೆದಿರುತ್ತಾರೆ.

ಎಂಎಂಎ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫೈಲಿನಲ್ಲಿ ಟೈಮ್ 7 ಎಂದು ಬರೆದರೆ ಬಾರ್‌ಗೆ ಏಳು ಎಣಿಕೆ. ತಕಿಟ ತಕ ಧಿಮಿ ಎಂಬ ನಡೆಗೆ 1, 4 ಮತ್ತು 6ನೇ ಎಣಿಕೆಗಳಲ್ಲಿ ದಪ್ಪ ಪೆಟ್ಟು, ನಡುವೆ ಹಗುರ ಪೆಟ್ಟು ಎಂದು ಡ್ರಮ್ ವಿನ್ಯಾಸವನ್ನು ನಾವೇ ಬರೆಯಬಹುದು: ಯಾವ ಎಣಿಕೆಯಲ್ಲಿ ಪೆಟ್ಟು, ಎಷ್ಟು ಉದ್ದ, ಎಷ್ಟು ಜೋರು, ಈ ಮೂರೇ ಸಂಖ್ಯೆಗಳು. ಬೇಸ್‌ಗೂ ಅದೇ ಜಾಗಗಳಲ್ಲಿ ಮೂಲ ಸ್ವರ ಹಿಡಿಯಲು ಹೇಳಿದರೆ ಏಳರ ನಡೆಗೆ ಹೊಂದುವ ಪಕ್ಕವಾದ್ಯ ಸಿದ್ಧ. ಒಮ್ಮೆ ಬರೆದು ಹೆಸರಿಟ್ಟು ಉಳಿಸಿದರೆ ಮಿಶ್ರ ಛಾಪುವಿನ ಪ್ರತಿ ಹಾಡಿಗೂ ಅದನ್ನೇ ಕರೆಯಬಹುದು.

ಉಳಿದದ್ದು ವಾದ್ಯದ ನಾದ. 1991ರಲ್ಲಿ ಬಂದ ಜನರಲ್ ಮಿಡಿ ಎಂಬ ಒಪ್ಪಂದ 128 ವಾದ್ಯಗಳ ಪಟ್ಟಿಯನ್ನು ನಿಗದಿ ಮಾಡಿತು, ಹತ್ತನೇ ಚಾನೆಲನ್ನು ತಾಳವಾದ್ಯಗಳಿಗೆಂದು ಮೀಸಲಿಟ್ಟಿತು. ಆ ಪಟ್ಟಿಯಲ್ಲಿ ನಮ್ಮ ಕಡೆಯವು ಎಂದು ಗುರುತಿಸಬಹುದಾದವು ಎರಡೇ: 105ನೆಯದಾಗಿ ಸಿತಾರ್, 112ನೆಯದಾಗಿ ಶಹನಾಯಿ. ವೀಣೆ ಇಲ್ಲ. ತಬಲಾ, ಮೃದಂಗ ತಾಳವಾದ್ಯಗಳ ಸಾಲಿನಲ್ಲೂ ಇಲ್ಲ. ಹಾಗಾಗಿ ಸಾಮಾನ್ಯ ಸೌಂಡ್‌ಫಾಂಟ್ ಹಾಕಿ ತಬಲಾ ಬರಲಿ ಎಂದು ಕಾದು ಫಲವಿಲ್ಲ. ತಬಲಾ ಬಾರಿಸುವ ಗೆಳೆಯರಿದ್ದರೆ ನಾ, ತಿನ್, ಧಾ, ಗೆ ಮುಂತಾದ ಒಂದೊಂದು ಬೋಲನ್ನು ಬಿಡಿಬಿಡಿಯಾಗಿ ಧ್ವನಿಮುದ್ರಿಸಿಕೊಳ್ಳಿ. ಪಾಲಿಫೋನ್ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು ಸೌಂಡ್‌ಫಾಂಟ್ ಆಗಿ ಜೋಡಿಸಬಹುದು. ಇಲ್ಲವೇ ಹೈಡ್ರೋಜನ್ ಎಂಬ ಡ್ರಮ್ ತಂತ್ರಾಂಶದಲ್ಲಿ ನೇರವಾಗಿ ಹಾಕಿ ಬೇಕಾದ ಉದ್ದದ ಆವರ್ತ ಕಟ್ಟಬಹುದು. ಬಲಗೈಯ ದಾಯಾದ ಶ್ರುತಿ ಹಾಡಿನ ಶ್ರುತಿಗೆ ಸೇರಬೇಕಾದ್ದರಿಂದ ಹೆಚ್ಚು ಬಳಸುವ ಒಂದೆರಡು ಶ್ರುತಿಗಳಲ್ಲಿ ಪ್ರತ್ಯೇಕವಾಗಿಯೇ ಮುದ್ರಿಸಿಕೊಳ್ಳುವುದು ಲೇಸು.

ತಡವಾಗಿ ಕೇಳಿಸುವ ಸಮಸ್ಯೆ

ಸಂಗೀತ ಮತ್ತು ಲಿನಕ್ಸ್ ಎಂದೊಡನೆ ಲೇಟೆನ್ಸಿ ಎಂಬ ಮಾತು ಕೇಳಿಬರುತ್ತದೆ. ಕೀಲಿ ಒತ್ತಿದ ಕ್ಷಣಕ್ಕೂ ಸ್ಪೀಕರಿನಿಂದ ನಾದ ಬರುವ ಕ್ಷಣಕ್ಕೂ ನಡುವಿನ ಅಂತರ ಅದು. ಕಂಪ್ಯೂಟರ್ ಧ್ವನಿಯನ್ನು ಸೆಕೆಂಡಿಗೆ ಸಾಮಾನ್ಯವಾಗಿ 48,000 ತುಣುಕುಗಳಾಗಿ ಲೆಕ್ಕಹಾಕುತ್ತದೆ, ಒಂದೊಂದಾಗಿ ಕಳಿಸದೆ ಕಂತುಗಳಲ್ಲಿ ಕಳಿಸುತ್ತದೆ. ಬೀದಿ ನಲ್ಲಿಯಿಂದ ಮನೆಗೆ ನೀರು ಹೊರುವುದನ್ನು ನೆನೆಯಿರಿ: ದೊಡ್ಡ ಕೊಡ ಹಿಡಿದರೆ ತುಂಬುವವರೆಗೆ ಕಾಯಬೇಕು, ಓಡಾಟ ಕಡಿಮೆ; ಚೊಂಬು ಹಿಡಿದರೆ ನೀರು ಬೇಗ ಮನೆ ಸೇರುತ್ತದೆ, ಆದರೆ ಓಡಾಡುವವರು ಒಮ್ಮೆ ಎಡವಿದರೂ ಒಲೆಯ ಮೇಲಿನ ಪಾತ್ರೆ ಬರಿದಾಗುತ್ತದೆ. 1024 ತುಣುಕುಗಳ ಕಂತಿಗೆ ಸುಮಾರು 21 ಮಿಲಿಸೆಕೆಂಡ್ ಬೇಕು. 256ರ ಕಂತಿಗೆ 5 ಚಿಲ್ಲರೆ ಮಿಲಿಸೆಕೆಂಡ್. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿನಲ್ಲಿ ಎರಡು ಮೀಟರಿಗೂ ಕಡಿಮೆ ದೂರ ಸಾಗುತ್ತದೆ, ಅಂದರೆ ವೇದಿಕೆಯ ಮೇಲೆ ತುಸು ಆಚೆ ಕುಳಿತ ತಬಲಾ ವಾದಕರಷ್ಟೇ ದೂರ. ಕಂತು ತೀರಾ ಚಿಕ್ಕದಾಗಿ ಯಂತ್ರಕ್ಕೆ ಪೂರೈಸಲಾಗದಿದ್ದಾಗ ಟಕ್ ಟಕ್ ಎಂಬ ಕರ್ಕಶ ಸದ್ದು ಬರುತ್ತದೆ. ಆಗ ಕಂತನ್ನು ಒಂದು ಹಂತ ಹೆಚ್ಚಿಸಬೇಕು.

ಆದರೆ ಹಲವರು ಅನಗತ್ಯವಾಗಿ ತಲೆಕೆಡಿಸಿಕೊಳ್ಳುವುದು ಇಲ್ಲಿ. ಕಂಪ್ಯೂಟರ್ ಪಕ್ಕವಾದ್ಯ ನುಡಿಸುತ್ತದೆ, ನಾವು ಬಾಯಲ್ಲಿ ಹಾಡುತ್ತೇವೆ ಅಥವಾ ಕೊಳಲು ಊದುತ್ತೇವೆ ಎಂದಾದರೆ ಲೇಟೆನ್ಸಿಯ ಪ್ರಶ್ನೆಯೇ ಏಳುವುದಿಲ್ಲ. ಪಕ್ಕವಾದ್ಯ ಇಡಿಯಾಗಿ 50 ಮಿಲಿಸೆಕೆಂಡ್ ತಡವಾಗಿ ಹೊರಟರೂ ನಾವು ಕೇಳಿದ್ದಕ್ಕೆ ತಾನೇ ಹಾಡುವುದು. ಅಂಥವರು ಕಂತನ್ನು 1024ರಲ್ಲೇ ಬಿಟ್ಟು ನೆಮ್ಮದಿಯಾಗಿರಬಹುದು, ಬ್ಲೂಟೂತ್ ಸ್ಪೀಕರ್ ಕೂಡ ನಡೆಯುತ್ತದೆ. ಮಿಡಿ ಕೀಬೋರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ಅದೇ ಸಿಂತ್‌ನಿಂದ ನುಡಿಸುವವರಿಗೆ, ಮೈಕಿನ ದನಿಯನ್ನು ಕಂಪ್ಯೂಟರಿನ ಮೂಲಕ ಹೆಡ್‌ಫೋನಿನಲ್ಲಿ ಕೇಳುತ್ತ ಹಾಡುವವರಿಗೆ ಮಾತ್ರ ಇದು ನಿಜವಾದ ಸಮಸ್ಯೆ. ಅವರು ತಂತಿಯ ಹೆಡ್‌ಫೋನ್ ಬಳಸಬೇಕು, ಕಂತನ್ನು 256 ಅಥವಾ 128ಕ್ಕೆ ಇಳಿಸಬೇಕು. ಧ್ವನಿಯ ಕೆಲಸಕ್ಕೆ ಆದ್ಯತೆ ಕೊಡಲು ಉಬುಂಟು ಸ್ಟುಡಿಯೊದಂಥ ಸಂಗೀತಕ್ಕೆಂದೇ ಸಿದ್ಧಪಡಿಸಿದ ಲಿನಕ್ಸ್‌ಗಳು ಬೇಕಾದ ಹೊಂದಾಣಿಕೆಗಳನ್ನು ಮೊದಲೇ ಮಾಡಿರುತ್ತವೆ. ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುವ ರಿಯಲ್-ಟೈಮ್ ವ್ಯವಸ್ಥೆ ಬಹಳ ವರ್ಷ ಪ್ರತ್ಯೇಕ ಜೋಡಣೆಯಾಗಿಯೇ ಇದ್ದು, 2024ರ ನವೆಂಬರಿನಲ್ಲಿ ಬಿಡುಗಡೆಯಾದ 6.12 ಆವೃತ್ತಿಯಿಂದ ಲಿನಕ್ಸ್ ಕರ್ನೆಲಿನ ಮೂಲ ಭಾಗವಾಗಿದೆ.

ಫೋನಿಗೆ ಹಾಕಿಕೊಳ್ಳುವುದು, ದನಿ ಸೇರಿಸುವುದು

ಕಾರ್ಯಕ್ರಮಕ್ಕೆ ಲ್ಯಾಪ್‌ಟಾಪ್ ಒಯ್ಯಲೇಬೇಕೆಂದಿಲ್ಲ. ಜೆಜ್ಯಾಝ್‌ಲ್ಯಾಬ್ ಹಾಡನ್ನು ಆಡಿಯೊ ಫೈಲಾಗಿ ಹೊರಕ್ಕೆ ಕೊಡುತ್ತದೆ. ಎಂಎಂಎ ಕೊಟ್ಟ ಮಿಡಿಯನ್ನು ಫ್ಲುಯಿಡ್‌ಸಿಂತ್ ಸ್ಪೀಕರಿಗೆ ನುಡಿಸದೆಯೇ ನೇರ ಫೈಲಿಗೆ ಬರೆಯಬಲ್ಲದು. ಐದು ನಿಮಿಷದ ಹಾಡಿಗೆ ಐದು ನಿಮಿಷ ಕಾಯಬೇಕಾಗಿಲ್ಲ. ಆ ಫೈಲು ಫೋನಿನಲ್ಲಿದ್ದರೆ ಸಾಕು. ಬೇರೆ ಶ್ರುತಿಗಳಲ್ಲೂ ಒಂದೊಂದು ಪ್ರತಿ ತೆಗೆದಿಟ್ಟುಕೊಂಡರೆ ಕಂಠ ಕೂಡಿಬರದ ದಿನ ಉಪಯೋಗಕ್ಕೆ ಬರುತ್ತದೆ.

ದನಿ ಸೇರಿಸಿ ಧ್ವನಿಮುದ್ರಿಸಲು ಅಡಾಸಿಟಿ ಎಂಬ ತಂತ್ರಾಂಶ ಸಾಕು, ಹೆಚ್ಚು ಟ್ರ್ಯಾಕ್‌ಗಳು ಬೇಕಾದರೆ ಆರ್ಡರ್ (Ardour) ಎಂಬ ತಂತ್ರಾಂಶವಿದೆ. ಪಕ್ಕವಾದ್ಯವನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಹಾಡಿ, ಇಲ್ಲದಿದ್ದರೆ ಅದೂ ಮೈಕಿನೊಳಗೆ ನುಗ್ಗಿ ಆಮೇಲೆ ಬೇರ್ಪಡಿಸಲಾಗದು. ಮುದ್ರಿಸಿದ ಮೇಲೆ ದನಿ ಪಕ್ಕವಾದ್ಯಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿದ್ದಂತೆ ಕೇಳಿದರೆ ಹಾಡಿದವರ ಲಯವನ್ನು ಶಂಕಿಸುವ ಮೊದಲು ಲೇಟೆನ್ಸಿಯನ್ನು ನೋಡಿ. ಹಾಡಿನ ಆರಂಭದಲ್ಲಿ ತಾಳಕ್ಕೆ ಸರಿಯಾಗಿ ಮೈಕಿನ ಮುಂದೆ ಒಂದು ಚಪ್ಪಾಳೆ ತಟ್ಟಿದ್ದರೆ ಆ ಚಪ್ಪಾಳೆಯ ಗೆರೆಯನ್ನು ಪಕ್ಕವಾದ್ಯದ ಪೆಟ್ಟಿನ ಗೆರೆಗೆ ಹೊಂದುವಂತೆ ದನಿಯ ಟ್ರ್ಯಾಕನ್ನು ಎಡಕ್ಕೆ ಸರಿಸಬಹುದು. ಆ ಅಂತರವನ್ನು ಅಡಾಸಿಟಿಯ ಲೇಟೆನ್ಸಿ ಪರಿಹಾರದ ಜಾಗದಲ್ಲಿ ಒಮ್ಮೆ ಬರೆದಿಟ್ಟರೆ, ಅದೇ ಮೈಕು ಮತ್ತು ಅದೇ ಕಂತಿನಲ್ಲಿ ಮಾಡುವ ಮುಂದಿನ ಧ್ವನಿಮುದ್ರಣಗಳನ್ನು ತಂತ್ರಾಂಶವೇ ಸರಿಸಿಕೊಳ್ಳುತ್ತದೆ.